ಮೂಳೆ ಹಿಡಿಯುವ ತನಕ

ಜವರಪ್ಪ ಮೂವತ್ತೊಂದು ವರ್ಷ ರೈಲ್ವೆಯಲ್ಲಿ ದುಡಿದವನು. ಮೊದಮೊದಲು ಗ್ಯಾಂಗಿನಲ್ಲಿ ಜಲ್ಲಿ ಕುಕ್ಕಿದ, ಆಮೇಲೆ ಕೀಮನ್ ಆದ. ಬೆಳಗಾದರೆ ಹೆಗಲ ಮೇಲೆ ಸುತ್ತಿಗೆ ಇಟ್ಟುಕೊಂಡು ಅರಸೀಕೆರೆಯಿಂದ ಬಾಣಾವರದ ದಿಕ್ಕಿಗೆ ಹಳಿಯ ಮೇಲೆ ನಡೆಯುತ್ತ, ಸಡಿಲವಾದ ಕೀಲಿಗೊಂದು ಪೆಟ್ಟು ಕೊಟ್ಟು ಮುಂದೆ ಹೋಗುವುದು ಅವನ ಕೆಲಸ. ಅವನ ಪಾಲಿನ ಹಳಿಯ ಮೇಲೆ ಒಂದೇ ಒಂದು ಗಾಡಿ ತಪ್ಪಿ ಇಳಿದದ್ದಿಲ್ಲ. ಹೊಸ ಹಳಿ ಹಾಕಿದ ಕಡೆ ಹತ್ತು ದಿನ ಗಾಡಿ ನಿಧಾನಕ್ಕೆ ಹೋಗಬೇಕು ಅಂತ ಸಾಹೇಬರು ಹೇಳಿದರೆ ಹತ್ತು ದಿನವೇ. ಒಂಬತ್ತನೆಯ ದಿನ ಯಾರು ಏನಂದರೂ ಅದಕ್ಕೆಂದು ನೆಟ್ಟ ಬೋರ್ಡು ಕೀಳುವವನಲ್ಲ. ಕೆಳಗೆ ಜಲ್ಲಿ ಕೂತಿದೆಯೋ ಇಲ್ಲವೋ ಮೇಲಿಂದ ನೋಡಿದವನಿಗೆ ಕಾಣುವುದಿಲ್ಲ, ಬಲ್ಲವರು ಹೇಳಿದ್ದನ್ನು ಕೇಳಬೇಕು ಅನ್ನುತ್ತಿದ್ದ.

ಅವನ ಹೆಂಡತಿ ಮುನಿಯಮ್ಮ. ಅವನು ನಿವೃತ್ತಿಯಾಗುವುದಕ್ಕೆ ನಾಲ್ಕೈದು ವರ್ಷ ಮುಂಚೆ ಅವಳ ಬಲಮಂಡಿ ನೋಯಲು ಶುರುವಾಯಿತು. ಮೊದಲು ಕೂತು ಏಳುವಾಗ ಮಾತ್ರ. ಆಮೇಲೆ ಮೆಟ್ಟಿಲು ಇಳಿಯುವಾಗ. ಕೊನೆಗೆ ಅಡುಗೆಮನೆಯಿಂದ ಹಿತ್ತಿಲಿಗೆ ಹೋಗಬೇಕಾದರೂ ಗೋಡೆ ಹಿಡಿಯುವಂತಾಯಿತು. ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿತು. ಎಣ್ಣೆ ಹಚ್ಚಿದರು, ಕಣಕಟ್ಟೆಯ ಕಡೆ ಯಾರೋ ಪಟ್ಟು ಹಾಕುತ್ತಾರೆಂದು ಅಲ್ಲಿಗೂ ಹೋದರು, ಇಂಜೆಕ್ಷನ್ನೂ ಆಯಿತು. ಇಷ್ಟಾದರೂ ಅವಳು ನೋವನ್ನು ಹೊರಗೆ ಹೇಳಿಕೊಂಡವಳಲ್ಲ. ಯಾರಾದರೂ ಕೇಳಿದರೆ ಸ್ವಲ್ಪ ಉಳುಕಿದೆ ಅಂತ ಹೇಳಿ ಮಾತು ತಿರುಗಿಸುತ್ತಿದ್ದಳು. ಒಡಹುಟ್ಟಿದ ಅಕ್ಕನಿಗೂ ಅಷ್ಟೇ ಹೇಳಿದ್ದಳು.

ಆ ಅಕ್ಕ ದ್ಯಾವಮ್ಮ. ಬೇಲೂರಿನಿಂದ ಆಚೆ, ಗೆಂಡೆಹಳ್ಳಿಯಲ್ಲಿ ಬಸ್ಸಿಳಿದು ಒಂದು ಮೈಲಿ ಏರು ದಾರಿ ಹತ್ತಿದರೆ ಅವಳ ಊರು. ಮುನಿಯಮ್ಮ ಮೂರು ವರ್ಷದ ಮಗುವಾಗಿದ್ದಾಗಲೇ ತಾಯಿ ಹೋಗಿದ್ದಳು. ಹತ್ತು ವರ್ಷ ದೊಡ್ಡವಳಾದ ದ್ಯಾವಮ್ಮನೇ ತಂಗಿಯನ್ನು ಸೊಂಟದ ಮೇಲೆ ಹೊತ್ತುಕೊಂಡು ಕಾಫಿ ತೋಟದ ಕೂಲಿಗೆ ಹೋಗಿ, ಗಿಡದ ಬುಡದಲ್ಲಿ ಗೋಣಿಚೀಲ ಹಾಸಿ ಮಲಗಿಸಿ, ಹಣ್ಣು ಕುಯ್ದು ಸಾಕಿದ್ದು. ರೈಲ್ವೆ ಕೆಲಸದ ಗಂಡು ಅಂತ ಜವರಪ್ಪನನ್ನು ಹುಡುಕಿ ಮದುವೆ ಮಾಡಿಕೊಟ್ಟವಳೂ ಅವಳೇ. ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಮುನಿಯಮ್ಮ ಅಕ್ಕನ ಮನೆಗೆ ಹೋಗಿ ವಾರಗಟ್ಟಲೆ ಇದ್ದು ಬರುತ್ತಿದ್ದಳು. ಮಂಡಿ ಕೆಟ್ಟ ಮೇಲೆ ಆ ಏರು ಹತ್ತಲಾಗದೆ ಹೋಗುವುದು ನಿಂತಿತು.

ದ್ಯಾವಮ್ಮನ ಮಗಳು ಇಂದುವಿನ ಮದುವೆ ಹಳೇಬೀಡಿನ ಸಮುದಾಯ ಭವನದಲ್ಲಿ ನಡೆಯಿತು. ಅವತ್ತು ಹೆಂಗಸರೆಲ್ಲ ಚಾಪೆಯ ಮೇಲೆ ಕೂತು ಹೆಣ್ಣಿಗೆ ಅರಿಶಿನ ಹಚ್ಚುವಾಗ ಮುನಿಯಮ್ಮ ಮೂಲೆಯಲ್ಲೊಂದು ಕುರ್ಚಿ ಹಾಕಿಸಿಕೊಂಡು ಕೂತಳು. ಊಟಕ್ಕೂ ಪಂಕ್ತಿಯಲ್ಲಿ ಕೂರದೆ ಗಂಡಿನ ಕಡೆಯ ನೌಕರಸ್ಥರ ಜೊತೆ ಟೇಬಲ್ಲಿಗೆ ಹೋದಳು. ದ್ಯಾವಮ್ಮ ನಾಲ್ಕು ಜನರ ಎದುರಿಗೆ, ನಗುನಗುತ್ತಲೇ, "ರೈಲ್ವೆ ಸಂಬಳ ಉಂಡೋರಿಗೆ ಚಾಪೆ ಚುಚ್ತದೆ ಕಣವ್ವ" ಅಂದುಬಿಟ್ಟಳು. ಎಲ್ಲರೂ ನಕ್ಕರು. ಮುನಿಯಮ್ಮನೂ ನಕ್ಕಳು. ಸಂಜೆ ಬಸ್ಸಿನಲ್ಲಿ ಅರಸೀಕೆರೆ ಬರುವವರೆಗೂ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಐದು ವರ್ಷ ಅಕ್ಕ ತಂಗಿ ಫೋನಿನಲ್ಲಿ ಮಾತಾಡಿದ್ದುಂಟು, ಮುಖ ನೋಡಿದ್ದು ಕಡಿಮೆ.

ಎರಡು ಸಾವಿರದ ಆರನೇ ಇಸವಿಯಲ್ಲಿ ರೈಲ್ವೆ ಆಸ್ಪತ್ರೆಯವರು ಬರೆದುಕೊಟ್ಟ ಕಾಗದ ಹಿಡಿದು ಗಂಡ ಹೆಂಡತಿ ಮೈಸೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದರು. ಅಲ್ಲಿನ ಮೂಳೆ ಡಾಕ್ಟರ್ ಶರತ್ ಇನ್ನೂ ನಲವತ್ತು ದಾಟದವರು, ತಾಳ್ಮೆಯಿಂದ ಮಾತಾಡುವವರು. ಎಕ್ಸ್‌ರೇ ಬೆಳಕಿಗೆ ಹಿಡಿದು, ಮಂಡಿಯೊಳಗಿನ ಮೆತ್ತೆ ಪೂರ್ತಿ ಸವೆದುಹೋಗಿ ಮೂಳೆಗೆ ಮೂಳೆ ತಿಕ್ಕುತ್ತಿದೆ, ಇದು ಔಷಧಿಗೆ ಬಗ್ಗುವ ಕಾಲ ಮುಗಿಯಿತು ಅಂದರು. ಮಂಡಿಯನ್ನೇ ಬದಲಾಯಿಸಬೇಕು. ಸಾಮಾನ್ಯವಾಗಿ ಲೋಹದ ಮಂಡಿಯನ್ನು ಒಂದು ಥರದ ಸಿಮೆಂಟಿನಲ್ಲಿ ಮೂಳೆಗೆ ಅಂಟಿಸುತ್ತಾರಂತೆ. ಮುನಿಯಮ್ಮನಿಗೆ ಇನ್ನೂ ಐವತ್ತೈದು, ಮೂಳೆ ಗಟ್ಟಿಯಾಗಿದೆ, ಆದ್ದರಿಂದ ಸಿಮೆಂಟಿಲ್ಲದೆ ಕೂರಿಸೋಣ ಎಂದರು. ಆ ಲೋಹದ ಮೈ ನುಣುಪಲ್ಲ, ತುಂಬ ಸಣ್ಣ ಸಣ್ಣ ತೂತು. ದಿನ ಕಳೆದ ಹಾಗೆ ಅವಳ ಮೂಳೆಯೇ ಆ ತೂತುಗಳೊಳಕ್ಕೆ ಬೆಳೆದು ಅದನ್ನು ಹಿಡಿದುಕೊಳ್ಳುತ್ತದೆ. ಹಿಡಿಯುವ ತನಕ ಜೋಪಾನ. ಆರು ವಾರ ಬೀಳಬಾರದು, ಕಾಲು ತಿರುಚಬಾರದು, ವಾಕರ್ ಬಿಟ್ಟು ಪೂರ್ತಿ ಭಾರ ಹಾಕಬಾರದು. ಮೂಳೆ ಹಿಡಿಯುವ ಮೊದಲೇ ಅಲುಗಿದರೆ ಮತ್ತೆ ಬಿಚ್ಚಬೇಕಾಗಬಹುದು.

ಜವರಪ್ಪನಿಗೆ ಮಾತು ಚೆನ್ನಾಗಿ ನಾಟಿತು. ಹೊಸ ಹಳಿಯ ಲೆಕ್ಕಾಚಾರವೇ ಇದು ಅಂದುಕೊಂಡ.

ಹೊರಗೆ ಬೆಂಚಿನ ಮೇಲೆ ಕೂತಾಗ ಮುನಿಯಮ್ಮ ಅವನ ಕೈಯಲ್ಲಿ ಆಣೆ ಹಾಕಿಸಿಕೊಂಡಳು. ಆಪರೇಷನ್ ವಿಷಯ ಅಕ್ಕನ ಕಿವಿಗೆ ಬೀಳಕೂಡದು. ದ್ಯಾವಮ್ಮನ ಗಂಡ ಹಿಂದೆ ಕಾಲಿನ ಆಪರೇಷನ್ ಆದ ಮೇಲೆ ನಂಜೇರಿ ಸತ್ತಿದ್ದ. ಗೊತ್ತಾದರೆ ಅವಳು ಅಳುತ್ತ ಬಂದು ತಂಗಿಯನ್ನು ಆಪರೇಷನ್ ಕೋಣೆಗೆ ಹೋಗಲು ಬಿಡುವವಳಲ್ಲ. ಅಷ್ಟೇ ಅಲ್ಲ, ಮುನಿಯಮ್ಮನ ಮನಸ್ಸಿನಲ್ಲಿ ಇನ್ನೊಂದು ಆಸೆಯಿತ್ತು. ಎಲ್ಲ ವಾಸಿಯಾದ ಮೇಲೆ ಹೇಳದೆ ಕೇಳದೆ ಏರು ಹತ್ತಿ ಹೋಗಿ ಅಕ್ಕನ ಅಂಗಳದಲ್ಲಿ ನಿಲ್ಲಬೇಕು.

ಫೆಬ್ರವರಿಯಲ್ಲಿ ಆಪರೇಷನ್ ಆಯಿತು. ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬಂದರು. ಚಿಕ್ಕಮಗಳೂರಿನಲ್ಲಿ ಮೇಷ್ಟ್ರಾಗಿದ್ದ ಮಗ ಸಿದ್ಧಾರ್ಥ ರಜೆ ಮುಗಿದು ಕೆಲಸಕ್ಕೆ ಹೋದ ಮೇಲೆ ಎಲ್ಲವೂ ಜವರಪ್ಪನ ಕೈಮೇಲೆ. ಮುದ್ದೆ ತಿರುಗಿಸುವುದನ್ನು ಕಲಿತ. ಸ್ನಾನಕ್ಕೆ ನೀರು ಕಾಯಿಸಿ ಸ್ಟೂಲು ಹಾಕಿ ಕೂರಿಸಿ ಬೆನ್ನು ತಿಕ್ಕಿದ. ಅವಳು ವಾಕರ್ ಹಿಡಿದು ಹಜಾರದಲ್ಲಿ ಹೆಜ್ಜೆ ಹಾಕುವಾಗ ಹಿಂದೆಯೇ ನಡೆದ. ನೆಲದ ಮೇಲಿನ ಚಾಪೆಗಳನ್ನೆಲ್ಲ ಎಡವಿಯಾಳೆಂದು ಸುತ್ತಿ ಅಟ್ಟಕ್ಕೆ ಹಾಕಿದ. ಕ್ಯಾಲೆಂಡರಿನಲ್ಲಿ ದಿನ ಹೊಡೆಯುತ್ತ ಬಂದ. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಅವರಿಬ್ಬರೂ ಇಷ್ಟು ಹೊತ್ತು ಒಟ್ಟಿಗೆ ಇದ್ದದ್ದಿಲ್ಲ. ಅವಳು ಒಂದು ದಿನ, "ಈ ಸೇವೆ ಸಿಗ್ತದೆ ಅಂದಿದ್ರೆ ಇನ್ನೂ ಮುಂಚೆನೇ ಮಂಡಿ ಕುಯ್ಯಿಸ್ಕೋತಿದ್ದೆ" ಅಂದು ನಕ್ಕಳು.

ಮೂರನೇ ವಾರದಲ್ಲಿ, ಅವ್ವನ ಆರೈಕೆಗೆ ತವರಿಗೆ ಬಂದಿದ್ದ ಇಂದು ಗೆಂಡೆಹಳ್ಳಿಯ ಬೂತಿನಿಂದ ಫೋನು ಮಾಡಿದಳು. ಎತ್ತಿದ್ದು ಜವರಪ್ಪ. ಅವ್ವನಿಗೆ ಕಣ್ಣು ಹಳದಿಯಾಗಿದೆ, ಹೊಟ್ಟೆ ಊದಿಕೊಂಡಿದೆ, ಬೇಲೂರು ಆಸ್ಪತ್ರೆಗೆ ಸೇರಿಸಿದ್ದೇವೆ, ಚಿಕ್ಕಮ್ಮನನ್ನು ನೋಡಬೇಕು ಅಂತಿದ್ದಾಳೆ ಅಂದಳು. ಜವರಪ್ಪ ಒಳಕ್ಕೆ ನೋಡಿದ. ಮುನಿಯಮ್ಮ ಮಂಚದ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ಇವಳಿಗೆ ಹೇಳಿದರೆ ಈಗಿಂದೀಗಲೇ ಹೊರಡುತ್ತಾಳೆ, ಬಸ್ಸು, ಆಸ್ಪತ್ರೆಯ ಮೆಟ್ಟಿಲು, ಊರಿನ ಏರು, ಎಲ್ಲಾದರೂ ಕಾಲು ಜಾರಿದರೆ ಮುಗಿಯಿತು ಅಂದುಕೊಂಡ. ಆಪರೇಷನ್ ಆಗಿದೆ ಅಂತ ಇಂದುವಿಗೆ ಹೇಳೋಣವೆಂದರೆ ಆಣೆ. ಅವಳಿಗೂ ಅಷ್ಟಾಗಿ ಮೈಗೆ ಹುಷಾರಿಲ್ಲ ಕಣಮ್ಮ, ಸ್ವಲ್ಪ ದಿನ ಬಿಟ್ಟು ಬತ್ತೀವಿ ಅಂತ ಹೇಳಿ ಇಟ್ಟ. ಯಾರದು ಅಂತ ಅವಳು ಕೂಗಿ ಕೇಳಿದ್ದಕ್ಕೆ ಪೆನ್ಷನ್ ಆಫೀಸಿನವರು ಅಂದ.

ನಾಲ್ಕನೇ ವಾರ ಮತ್ತೆ ಫೋನು ಬಂತು. ಬೇಲೂರಿನಿಂದ ಹಾಸನಕ್ಕೆ ಕರೆದೊಯ್ದಿದ್ದರು, ಅಲ್ಲಿ ಮನೆಗೆ ಕರಕೊಂಡು ಹೋಗಿ ಅಂದುಬಿಟ್ಟಿದ್ದರು. ಇಂದುವಿನ ದನಿ ಗಡುಸಾಗಿತ್ತು. ಜವರಪ್ಪ ಕ್ಯಾಲೆಂಡರ್ ನೋಡಿದ. ಇನ್ನು ಹದಿನಾರು ದಿನ. ಹದಿನಾರೇ ದಿನ ತಡಿಯಮ್ಮ, ನಾನೇ ಕರಕೊಂಡು ಬತ್ತೀನಿ ಅಂದ. ಆ ಕಡೆ ಫೋನು ಇಟ್ಟ ಸದ್ದಾಯಿತು.

ಮೂರನೆಯ ಸಲ ಬಂದದ್ದು ಐದನೇ ವಾರ, ಮಧ್ಯಾಹ್ನ. ಪಕ್ಕದ ಮನೆಯವರ ಮೊಬೈಲಿನಿಂದ ಮಾಡಿದ್ದರು. ಈ ಸಲ ಮಾತಾಡಿದ್ದು ಇಂದುವಲ್ಲ.

"ಜವರಪ್ಪಾ, ಮುನಿ ಅವ್ಳಾ?"

ಆ ದನಿಯಲ್ಲಿ ಉಸಿರೇ ಹೆಚ್ಚು, ಮಾತು ಕಡಿಮೆ. ಒಳಗೆ ಕೋಣೆಯಲ್ಲಿ ಮುನಿಯಮ್ಮ ಕಾಲೆತ್ತುವ ವ್ಯಾಯಾಮ ಮಾಡುತ್ತ ಜೋರಾಗಿ ಎಣಿಸುತ್ತಿದ್ದಳು. ಹದಿನೇಳು, ಹದಿನೆಂಟು. ಜವರಪ್ಪ ರಿಸೀವರಿನ ಬಾಯಿಯನ್ನು ಅಂಗೈಯಿಂದ ಮುಚ್ಚಿದ, ಮತ್ತೆ ತೆಗೆದ.

"ಮನಗವ್ಳೆ ಕಣಕ್ಕ" ಅಂದ.

"ಎಬ್ಬಿಸ್ಬೇಡ ಬುಡಪ್ಪ. ನಿದ್ದೆ ಮಾಡ್ಲಿ."

ಎರಡು ದಿನ ಕಳೆದು ಬೆಳಿಗ್ಗೆ ಸಾವಿನ ಸುದ್ದಿ ಬಂತು. ಅದನ್ನು ಮುಚ್ಚಿಡುವಂತಿರಲಿಲ್ಲ.

ಸಿದ್ಧಾರ್ಥ ಒಂದು ಮಾರುತಿ ವ್ಯಾನು ಮಾಡಿಕೊಂಡು ಬಂದ. ಹಿಂದಿನ ಸೀಟಿನಲ್ಲಿ ದಿಂಬು ಇಟ್ಟು ಮುನಿಯಮ್ಮನ ಕಾಲು ಚಾಚಿಸಿದರು. ಜಾವಗಲ್ಲು ದಾಟಿತು, ಹಳೇಬೀಡಿನ ಕೆರೆ ಏರಿ ದಾಟಿತು. ಅವಳು ದಾರಿಯುದ್ದಕ್ಕೂ ಒಂದೇ ಮಾತು ಕೇಳುತ್ತಿದ್ದಳು, ಏನಾಗಿತ್ತು, ಯಾವಾಗಿಂದ ಆಗಿತ್ತು, ಯಾರೂ ಯಾಕೆ ಒಂದು ಮಾತು ತಿಳಿಸಲಿಲ್ಲ. ಮುಂದಿನ ಸೀಟಿನಲ್ಲಿದ್ದ ಜವರಪ್ಪ ಹಿಂತಿರುಗದೆ, ದಿಢೀರಂತ ಆಗಿರಬೇಕು ಅಂದ. ವ್ಯಾನು ಏರು ಹತ್ತಿ ಮನೆಯ ಮುಂದೆಯೇ ನಿಂತಿತು.

ಅಂಗಳದಲ್ಲಿ ಚಪ್ಪರದ ಕೆಳಗೆ ದ್ಯಾವಮ್ಮನನ್ನು ಮಲಗಿಸಿದ್ದರು. ಸುತ್ತಲೂ ಹೆಂಗಸರು ನೆಲದ ಮೇಲೆ ಕೂತಿದ್ದರು. ಮುನಿಯಮ್ಮ ವಾಕರ್ ಊರಿಕೊಂಡು ಇಳಿದದ್ದನ್ನು ನೋಡಿ ಇಂದು ಎದ್ದು ಬಂದಳು. ಅಳುವುದನ್ನೂ ಮರೆತು ಆ ಕಾಲನ್ನೇ ನೋಡಿದಳು.

"ಚಿಕ್ಕಮ್ಮ, ಇದೇನು ಕಾಲಿಗೆ? ನಂಗ್ಯಾಕೆ ಹೇಳ್ಲಿಲ್ಲ? ಮೂರು ಸಲ ಫೋನ್ ಮಾಡಿದ್ನಲ್ಲ."

ಮುನಿಯಮ್ಮ ತಿರುಗಿ ಗಂಡನ ಮುಖ ನೋಡಿದಳು. ಅವನು ಕಣ್ಣು ತಗ್ಗಿಸಿದ. ಅವಳಿಗೆ ಬೇರೆ ಉತ್ತರ ಬೇಕಾಗಲಿಲ್ಲ.

ಯಾರೋ ಪ್ಲಾಸ್ಟಿಕ್ ಕುರ್ಚಿ ತಂದು ಹೆಣದ ತಲೆಯ ಹತ್ತಿರ ಹಾಕಿದರು. ಅವಳನ್ನು ಕೂರಿಸಿದರು. ಕುರ್ಚಿಯಿಂದ ಬಗ್ಗಿದರೂ ಅವಳ ಕೈ ಅಕ್ಕನ ಮುಖಕ್ಕೆ ಎಟುಕಲಿಲ್ಲ, ಬೆರಳ ತುದಿ ಹೂವಿನ ಹಾರಕ್ಕೆ ತಾಗಿ ನಿಂತಿತು. ಎರಡು ಸಲ ಚಾಚಿ ನೋಡಿದಳು. ಆಮೇಲೆ, "ನನ್ನ ಕೆಳಕ್ಕೆ ಇಳಿಸಿ" ಅಂದಳು.

ಜವರಪ್ಪ ಹತ್ತಿರ ಬಂದು ಮೂಳೆ ಇನ್ನೂ ಅಂತ ಏನೋ ಹೇಳಹೊರಟ.

"ಇಳಿಸಿ ಅಂದೆ."

ಅವನೂ ಸಿದ್ಧಾರ್ಥನೂ ಎರಡು ಕಂಕುಳಿಗೆ ಕೈಕೊಟ್ಟು, ಇಂದು ಕಾಲನ್ನು ನೆಟ್ಟಗೆ ಹಿಡಿದು, ಮೂವರೂ ಸೇರಿ ಅವಳನ್ನು ನೆಲಕ್ಕೆ ಇಳಿಸಿದರು. ಅವಳು ಬಲಗಾಲನ್ನು ಉದ್ದಕ್ಕೆ ಚಾಚಿಕೊಂಡು ಅಕ್ಕನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಮಣ್ಣಿಗೆ ಎತ್ತುವವರೆಗೂ ಹಾಗೇ ಕೂತಿದ್ದಳು. ಜೋರಾಗಿ ಅಳಲಿಲ್ಲ. ಬಗ್ಗಿ ಬಗ್ಗಿ ಅಕ್ಕನ ಕಿವಿಯ ಹತ್ತಿರ ಏನೋ ಹೇಳುತ್ತಿದ್ದಳು, ಯಾರಿಗೂ ಕೇಳಿಸಲಿಲ್ಲ.

ಮನೆಗೆ ಬಂದ ಮೇಲೆ ಅವಳು ಜವರಪ್ಪನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಉಸಿರಾಡಲು ಜಾಗವಾಗುತ್ತಿತ್ತು. ನೀರು ಬೇಕು, ಮಾತ್ರೆ ಎಲ್ಲಿ, ಲೈಟು ಹಾಕಿ, ಇಷ್ಟೇ ಮಾತು. ಸ್ನಾನಕ್ಕೆ ಬೆನ್ನು ತಿಕ್ಕಲು ಹೋದರೆ ಬೇಡ ಅಂದಳು. ಅವನು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಡಾಕ್ಟರ ಮಾತು ಮೀರಿದ್ದರೆ ಇವಳ ಕಾಲು ಹೋಗುತ್ತಿತ್ತು, ಸಾಯುವವಳು ಹೇಗೂ ಸಾಯುತ್ತಿದ್ದಳು, ನಾನು ಇವಳ ಒಳ್ಳೆಯದಕ್ಕೆ ಮಾಡಿದೆ. ಆ ಒಂದು ಮಾತಿನ ಮೇಲೆ ನಿಂತುಕೊಂಡು ವಾರ ಕಳೆದ.

ಆರು ವಾರ ತುಂಬಿದ ಮೇಲೆ ಮೈಸೂರಿಗೆ ಹೋದರು. ಡಾಕ್ಟರ್ ಶರತ್ ಎಕ್ಸ್‌ರೇ ನೋಡಿ ಮುಖ ಅರಳಿಸಿದರು. ತುಂಬ ಚೆನ್ನಾಗಿ ಕೂತಿದೆ, ಒಂದು ಕೂದಲಷ್ಟೂ ಅಲುಗಿಲ್ಲ, ಮೂಳೆ ಹಿಡಿಯುತ್ತಿದೆ, ಇನ್ನು ವಾಕರ್ ಬಿಟ್ಟು ಕೋಲು ಹಿಡಿಯಿರಿ ಅಂದರು. ಇಷ್ಟು ಜೋಪಾನ ಮಾಡಿದ ಯಜಮಾನರಿಗೆ ಶಹಬಾಸ್ ಹೇಳಬೇಕು ಅಂತ ಜವರಪ್ಪನ ಕಡೆ ನೋಡಿ ನಕ್ಕರು.

ಮುನಿಯಮ್ಮ ಕುರ್ಚಿಯ ಮೇಲೆ ನೆಟ್ಟಗಾದಳು. "ಡಾಕ್ಟ್ರೇ, ಒಂದು ಮಾತು ಕೇಳ್ಬೇಕು. ಮೂರನೇ ವಾರದಲ್ಲೋ ನಾಲ್ಕನೇ ವಾರದಲ್ಲೋ ನಾನು ಕಾರಿನಲ್ಲಿ ನಮ್ಮಕ್ಕನ ಊರಿಗೆ ಹೋಗಿದ್ರೆ ಕಾಲು ಕೆಡ್ತಿತ್ತಾ?"

"ಕಾರಿನಲ್ಲಾ? ವಾಕರ್ ಜೊತೆಗಿದ್ರೆ ಏನೂ ಆಗ್ತಿರಲಿಲ್ಲಮ್ಮ. ಮನೆಯೊಳಗೆ ನಡೆಯೋದೂ ಒಂದೇ, ಅಲ್ಲಿ ನಡೆಯೋದೂ ಒಂದೇ. ಬೀಳಬಾರದು ಅಂದಿದ್ದೆ, ಹೊರಗೆ ಹೋಗ್ಬೇಡಿ ಅಂತ ನಾನು ಹೇಳಿಲ್ಲವಲ್ಲ. ಒಂದು ಫೋನ್ ಮಾಡಿ ಕೇಳಬಹುದಿತ್ತು. ಯಾಕೆ, ಏನಾಯ್ತು?"

ಏನೂ ಇಲ್ಲ ಅಂದಳು ಮುನಿಯಮ್ಮ.

ಜವರಪ್ಪ ಡಾಕ್ಟರ ಮೇಜಿನ ಅಂಚು ಹಿಡಿದುಕೊಂಡ. ಅವನು ಕೇಳಿರಲಿಲ್ಲ. ಡಾಕ್ಟರ ನಂಬರು ಚೀಟಿಯಲ್ಲಿತ್ತು, ಚೀಟಿ ಅವನ ಅಂಗಿಯ ಜೇಬಿನಲ್ಲೇ ಇತ್ತು. ಕೇಳಬೇಕು ಅಂತ ಅವನಿಗೆ ಒಂದು ಸಲವೂ ಹೊಳೆದಿರಲಿಲ್ಲ.

ಮಧ್ಯಾಹ್ನದ ಪ್ಯಾಸೆಂಜರ್ ಗಾಡಿಯಲ್ಲಿ ಅರಸೀಕೆರೆಗೆ ಹೊರಟರು. ಹೊಳೆನರಸೀಪುರ ದಾಟುವವರೆಗೂ ಇಬ್ಬರೂ ಕಿಟಕಿಯ ಆಚೆ ನೋಡುತ್ತಿದ್ದರು. ಆಮೇಲೆ ಅವಳು ಕಿಟಕಿಯಿಂದ ಮುಖ ತಿರುಗಿಸದೆ ಕೇಳಿದಳು. "ಮೂರು ಸಲನೂ ಇಂದುನೇ ಮಾತಾಡಿದ್ದಾ?"

ತಾನು ಹೇಳದಿದ್ದರೂ ಇಂದುವೇ ಎಂದಾದರೂ ಇದನ್ನು ಹೇಳುತ್ತಾಳೆ ಅನ್ನುವುದು ಜವರಪ್ಪನಿಗೆ ಗೊತ್ತಿತ್ತು. ಆದರೆ ಆ ಭಯಕ್ಕೆ ಅವನು ಹೇಳಿದ್ದಲ್ಲ. ಇನ್ನು ಇವಳಿಂದ ಏನನ್ನೂ ಬಚ್ಚಿಡುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಕೊನೇ ಸಲ ಅಕ್ಕನೇ ಮಾತಾಡಿದಳು ಅಂದ. ಅವಳು ಏನು ಕೇಳಿದಳು, ತಾನು ಏನು ಸುಳ್ಳು ಹೇಳಿದೆ, ಅದಕ್ಕೆ ಅವಳು ಏನಂದಳು, ಒಂದಕ್ಷರ ಬಿಡದೆ ಹೇಳಿದ. ಎದುರು ಸೀಟಿನ ಪ್ರಯಾಣಿಕರು ಮುಖ ಬೇರೆ ಕಡೆ ಮಾಡಿಕೊಂಡರು.

ಮುನಿಯಮ್ಮ ಕೋಲು ಹಿಡಿದು ಎದ್ದಳು. ಓಡುವ ಗಾಡಿಯಲ್ಲಿ ಒಂದೊಂದೇ ಸೀಟಿನ ತಲೆ ಹಿಡಿದು ನಡೆದುಹೋಗಿ ಬೋಗಿಯ ಆ ತುದಿಯಲ್ಲಿ ಕೂತಳು. ಬೀಳುತ್ತಾಳೆಂದು ಅವನು ಏಳಹೋದ, ಮತ್ತೆ ಕೂತ. ಅವಳ ಹೆಜ್ಜೆ ಒಂದೂ ತಪ್ಪಲಿಲ್ಲ.

ಮರುವಾರ ಜವರಪ್ಪ ಒಬ್ಬನೇ ಬಸ್ಸು ಹತ್ತಿ ಗೆಂಡೆಹಳ್ಳಿಗೆ ಹೋದ. ಇಂದುವಿನ ಎದುರು ನಿಂತು, ತಪ್ಪು ನಿನ್ನ ಚಿಕ್ಕಮ್ಮನದಲ್ಲ, ಅವಳಿಗೆ ಒಂದು ಮಾತೂ ಮುಟ್ಟಿಸಲಿಲ್ಲ, ಎಲ್ಲ ನಂದೇ ಅಂತ ಹೇಳಿದ. ಇಂದು ಅವನಿಗೆ ಕಾಫಿ ಕೊಟ್ಟಳು. ಖಾಲಿ ಲೋಟ ತೆಗೆದುಕೊಳ್ಳುತ್ತ, "ಅವ್ವ ನಿಮ್ಮನ್ನ ಒಂದು ಮಾತು ಅನ್ನಲಿಲ್ಲ ಚಿಕ್ಕಪ್ಪ. ಬೈದಿದ್ದು ನಾನು" ಅಂದಳು. ಆಮೇಲೆ ಇನ್ನೊಂದು ವಿಷಯ ಹೇಳಿದಳು. ನಿನ್ನ ಮದುವೇಲಿ ಚಾಪೆ ಚುಚ್ತದೆ ಅಂತ ನಾನಾಡಿದ ಮಾತು ಮುನಿ ಎದೆಗೆ ಚುಚ್ಚೈತೆ, ಅದಕ್ಕೇ ಅವಳು ಬರಲ್ಲ, ಕರೀಬೇಡಿ ಅಂತ ಅವ್ವ ಕೊನೇ ದಿನ ಹೇಳಿದಳು. ತನ್ನ ನಾಲಿಗೆಯನ್ನೇ ಶಪಿಸಿಕೊಂಡು ಪ್ರಾಣ ಬಿಟ್ಟಳು.

ಅರಸೀಕೆರೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಜವರಪ್ಪ ಇದನ್ನು ಹೆಂಡತಿಗೆ ಹೇಳಿದ. ಇನ್ನು ಮುಂದೆ ಏನನ್ನೂ ಮುಚ್ಚಿಡುವುದಿಲ್ಲ ಅಂತ ದಾರಿಯಲ್ಲೇ ನಿಶ್ಚಯ ಮಾಡಿಕೊಂಡಿದ್ದ. ಮುನಿಯಮ್ಮ ಹೊಸಿಲ ಹತ್ತಿರ ನಿಂತು ಪೂರ್ತಿ ಕೇಳಿದಳು. ಗೋಡೆಗೆ ಬೆನ್ನು ಕೊಟ್ಟಳು.

"ಇದೊಂದನ್ನ ಮುಚ್ಚಿಡಬೌದಿತ್ತು" ಅಂದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಕೋಲನ್ನೂ ಬಿಟ್ಟು ನಡೆಯುತ್ತಿದ್ದಳು. ಬಾಗಿದ್ದ ಕಾಲು ನೆಟ್ಟಗಾಗಿತ್ತು. ಮಂಡಿ ನೋವಿನ ಹೆಂಗಸರು ಬೀದಿ ಬೀದಿಯಿಂದ ನೋಡಲು ಬರುತ್ತಿದ್ದರು. ಅವಳು ಸೀರೆ ಸರಿಸಿ ಹೊಲಿಗೆಯ ಗೆರೆ ತೋರಿಸುತ್ತಿದ್ದಳು, ಎಷ್ಟು ದಿನ ನೋವಿತ್ತು, ಯಾವ ವ್ಯಾಯಾಮ ಮಾಡಬೇಕು ಎಲ್ಲ ಹೇಳುತ್ತಿದ್ದಳು. ಕಾಂತಮ್ಮ ಅನ್ನುವ ಒಬ್ಬಳು, ನಿಮ್ಮ ಪುಣ್ಯ ಬಿಡಿ, ಇಂಥ ಗಂಡ ಯಾರಿಗೆ ಸಿಗ್ತಾರೆ ಅಂದಾಗ ಮುನಿಯಮ್ಮ ಹೂಂ ಅಂದಳು. ಒಳಗಿದ್ದ ಜವರಪ್ಪನಿಗೆ ಅದು ಕೇಳಿಸಿತು. ಆ ಹೂಂನಲ್ಲಿ ಕೊಂಕು ಇದೆಯೋ ಅಂತ ಹುಡುಕಿದ, ಸಿಗಲಿಲ್ಲ. ಏನೂ ಸಿಗಲಿಲ್ಲ.

ಆ ವರ್ಷವೇ ಅವಳು ಇಂದುವಿನ ಮನೆಗೆ ಹೋಗಿ ಒಂದು ತಿಂಗಳು ಇದ್ದು ಬಂದಳು. ಬರುತ್ತಾಳೋ ಇಲ್ಲವೋ ಅನ್ನುವ ಹಾಗೆ ಅವನು ಕಾದ. ಒಂದು ಭಾನುವಾರ ಬ್ಯಾಗು ಹಿಡಿದು ಬಂದಳು. ಒಲೆ ಹಚ್ಚಿದಳು. ಬಡಿಸಿದಳು. ಇಬ್ಬರೂ ಊಟ ಮಾಡಿದರು. ಎಲ್ಲ ಮೊದಲಿನಂತೆ ನಡೆಯಿತು, ಅವಳು ಅವನ ಎದುರು ನಗುವುದೊಂದನ್ನು ಬಿಟ್ಟು.

ಎರಡು ವರ್ಷದ ಮೇಲೆ ಎಡಮಂಡಿ ಕೈಕೊಡಲು ಶುರುವಾಯಿತು. ಜವರಪ್ಪನೇ ಒತ್ತಾಯ ಮಾಡಿ ಮೈಸೂರಿಗೆ ಕರೆದುಕೊಂಡು ಹೋದ. ಬಲಮಂಡಿಯ ಎಕ್ಸ್‌ರೇ ತೋರಿಸುತ್ತ ಡಾಕ್ಟರು, ಎಲ್ಲಿ ಲೋಹ ಮುಗಿದು ಎಲ್ಲಿ ಮೂಳೆ ಶುರುವಾಗುತ್ತದೋ ಗೊತ್ತಾಗದ ಹಾಗೆ ಹಿಡಿದುಕೊಂಡಿದೆ, ಎಡಗಡೆಯದನ್ನೂ ಹೀಗೇ ಮಾಡೋಣ ಅಂದರು. ಜವರಪ್ಪ ಜೇಬಿನಿಂದ ಒಂದು ಹಾಳೆ ತೆಗೆದ. ಕನ್ನಡಕ ಹಾಕಿಕೊಂಡು ಒಂದೊಂದಾಗಿ ಕೇಳತೊಡಗಿದ. ಎಷ್ಟನೇ ದಿನಕ್ಕೆ ಕಾರಿನಲ್ಲಿ ಹೋಗಬಹುದು, ಬಸ್ಸಿನಲ್ಲಿ ಯಾವಾಗ, ನೆಂಟರ ಮನೆಯಲ್ಲಿ ಇರಬಹುದೇ, ಯಾರಾದರೂ ಕಾಯಿಲೆ ಬಿದ್ದರೆ ನೋಡಲು ಹೋಗಬಹುದೇ. ಡಾಕ್ಟರು ಒಂದೊಂದಕ್ಕೂ ಉತ್ತರ ಕೊಟ್ಟರು, ಅವನು ಒಂದೊಂದನ್ನೂ ಬರೆದುಕೊಂಡ.

ಮುನಿಯಮ್ಮ ಅದನ್ನು ನೋಡುತ್ತ ಕೂತಿದ್ದಳು. ಅವನು ಬರೆದು ಮುಗಿಸುವ ತನಕ ಕಾದು, ಬೇಡ ಡಾಕ್ಟ್ರೇ, ಒಂದು ಸಾಕು ಅಂದಳು. ಡಾಕ್ಟರು ತಿಳಿಹೇಳಿದರು. ಅವಳು ಕೈಮುಗಿದು ಎದ್ದಳು.

ಕಾರಿಡಾರಿನಲ್ಲಿ ಜವರಪ್ಪ ಅವಳ ಹಿಂದೆಯೇ ಬಂದ. "ಎಲ್ಲಾ ಕೇಳಿದ್ದೀನಿ ಕಣೇ, ಈ ಸಲ ಎಲ್ಲಾ ಬರ್ಕೊಂಡಿದ್ದೀನಿ" ಅಂದ. ಅವನ ದನಿ ಬೇಡಿಕೊಳ್ಳುವವನ ದನಿಯಾಗಿತ್ತು.

"ನೋಡ್ದೆ" ಅಂದಳು. "ನೀವು ಕೇಳಿದ್ದು ಸರಿಯಾಗೇ ಇತ್ತು. ಆದರೆ ಇನ್ನು ನಾನು ಯಾರ ಮನೆಗೆ ನಡ್ಕೊಂಡು ಹೋಗ್ಲಿ?"

ಆಸ್ಪತ್ರೆಯ ಮುಂದೆ ಏಳೆಂಟು ಮೆಟ್ಟಿಲು, ಕೆಳಗೆ ಆಟೋಗಳು ನಿಂತಿದ್ದವು. ಅವಳು ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ ಎಡಮಂಡಿ ನೊಂದಿತು, ನಿಂತಳು. ಹಿಡಿದುಕೊಳ್ಳಲು ಅತ್ತ ಇತ್ತ ನೋಡಿದಳು. ಕಂಬಿ ದೂರದಲ್ಲಿತ್ತು. ಒಂದು ಮೆಟ್ಟಿಲು ಕೆಳಗೆ ನಿಂತಿದ್ದ ಅವನ ಹೆಗಲ ಮೇಲೆ ಕೈಯಿಟ್ಟಳು.

"ನಿಧಾನ ಇಳೀರಿ" ಅಂದಳು.

ಜವರಪ್ಪ ಒಂದೊಂದೇ ಮೆಟ್ಟಿಲು ಇಳಿದ.